ಸೇತುವೆಯ ಕಬ್ಬಿಣದ ರಾಕ್ಷಸ ಮತ್ತು ನನ್ನ ಮೊಣಗಂಟು

ಮೊಣಗಂಟಿನ ಆಪರೇಷನ್ ಆದವನ ಮನೆಗೆ ಜನ ಬರುವುದು ನಿಲ್ಲುವುದಿಲ್ಲ, ಬಂದವರು ಏನಾದರೊಂದು ತಮಾಷೆ ಮಾಡಿಟ್ಟು ಹೋಗದೆ ಇರುವುದೂ ಇಲ್ಲ. ನನ್ನ ಮನೆ ಮೊಗ್ರಾಲಿನಲ್ಲಿ, ಹೈವೇಯಿಂದ ಒಂದು ಕೂಗು ದೂರದಲ್ಲಿ. ಬಸ್ಸು ತಪ್ಪಿದವರೂ "ಮಾಷ್ಟ್ರ ಕಾಲು ಹೇಗುಂಟು ನೋಡಿ ಹೋಗುವ" ಅಂತ ಒಳಗೆ ಬರುತ್ತಾರೆ. ನಾನು ನಿವೃತ್ತ ಡ್ರಿಲ್ ಮಾಷ್ಟ್ರು. ಆಯುಷ್ಯವಿಡೀ ಮಕ್ಕಳನ್ನು ಓಡಿಸಿದವನು. ಓಡಿಸಿ ಓಡಿಸಿ ಕೊನೆಗೆ ಸವೆದದ್ದು ನನ್ನ ಗಂಟು.

ಗಲ್ಫಿನಲ್ಲಿ ಕೆಲಸ ಮಾಡುವ ಮಗಳು ಆಪರೇಷನ್ನಿಗೆಂದು ಬಂದಿದ್ದಳು. ವಾಪಸು ಹೋಗುವಾಗ ತನ್ನ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಟಿ.ವಿ.ಗೆ ಸಿಕ್ಕಿಸಿ, "ಅಪ್ಪಾ, ಕೂತಲ್ಲೇ ಕೂತು ನಿಮಗೆ ಬೋರಾಗ್ತದೆ. ಇದನ್ನು ಆಡಿ" ಅಂದಳು. ಆಟದಲ್ಲಿ ಒಬ್ಬ ಸೈನಿಕ. ಹಾಳುಬಿದ್ದ ಒಂದು ರಾಜ್ಯದಲ್ಲಿ ಅಲೆಯುತ್ತಾನೆ. ಅವನೇ ನಾವು. ಶತ್ರುಗಳನ್ನು ಗೆದ್ದ ಹಾಗೆ ಅಂಕ ಸಿಗುತ್ತದೆ. ಆ ಅಂಕವನ್ನು ಬಲಕ್ಕೆಷ್ಟು, ಉಸಿರಿಗೆಷ್ಟು, ಮಂತ್ರಕ್ಕೆಷ್ಟು, ಮಾತಿಗೆಷ್ಟು ಅಂತ ನಾವೇ ಹಂಚಬೇಕು. ನಾವು ಹಂಚಿದ ಹಾಗೆ ಅವನು ಬೆಳೆಯುತ್ತಾನೆ. ಇದು ಮಕ್ಕಳಾಟ ಅಂತ ನಾನು ತಿಳಿದಿದ್ದೆ. ಆ ಎರಡು ತಿಂಗಳಲ್ಲಿ ನಮ್ಮ ಚಾವಡಿಯಲ್ಲಿ ನಾನು ಬಾಯಿ ಬಿಟ್ಟುಕೊಂಡು ನೋಡಿದಷ್ಟು ಅದ್ಭುತಗಳನ್ನು ಬೇರೆಲ್ಲೂ ನೋಡಿಲ್ಲ.

ಎಡಕ್ಕೋ ಬಲಕ್ಕೋ

ಮೊದಲು ಕಲಿಯಬೇಕಾದದ್ದು ಉರುಳುವುದು. ಶತ್ರು ಹೊಡೆಯಲು ಬಂದಾಗ ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ ಸೈನಿಕ ನೆಲದ ಮೇಲೆ ಉರುಳಿ ತಪ್ಪಿಸಿಕೊಳ್ಳುತ್ತಾನೆ. ನನ್ನ ಕಷ್ಟ ಏನೆಂದರೆ, ಇದು ಕಬಡ್ಡಿ ಆಡಿ ಬೆಳೆದ ದೇಹ. ಅವನು ಉರುಳಿದರೆ ನಾನೂ ವಾಲುತ್ತೇನೆ. ಒಂದು ದಿನ ಕೆಸರಿನಿಂದ ದೊಡ್ಡ ಮೊಸಳೆಯೊಂದು ಎದ್ದು ಬಂತು. ಸೈನಿಕ ಉರುಳಿದ. ನಾನೂ ಉರುಳಿದೆ, ಸೋಫಾದಿಂದ ಕೆಳಗೆ. ಪುಣ್ಯಕ್ಕೆ ದಿಂಬು ನನಗಿಂತ ಮೊದಲೇ ಬಿದ್ದಿತ್ತು.

ಅದೇ ಹೊತ್ತಿಗೆ ನನಗೆ ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸಣ್ಣವರು, ಸ್ವರ ಮಾತ್ರ ಹೆಡ್‌ಮಾಷ್ಟ್ರದ್ದು.

"ಎಂತಾಯ್ತು ಸರ್? ಹೇಗೆ ಬಿದ್ದಿರಿ?"

ಸುಳ್ಳು ಹುಡುಕಲು ಪುರುಸೊತ್ತಾಗಲಿಲ್ಲ. "ಮೊಸಳೆ ಬಂತು" ಅಂದೆ.

ಅವರು ನನ್ನನ್ನು ಎತ್ತಿ ಕೂರಿಸಿದರು. ಕಾಲು ಮಡಿಸಿ ನೋಡಿದರು, ಬಿಡಿಸಿ ನೋಡಿದರು, ಗಂಟಿನ ಸುತ್ತ ಒತ್ತಿ ನೋಡಿದರು. ಮುಖದಲ್ಲಿ ನಗು ಎಂಬುದಿಲ್ಲ. 

"ಯಾವ ಕಡೆಗೆ ಉರುಳಿದಿರಿ ಸರ್?"

"ಬಲಕ್ಕೆ."

"ಅದೇ ತಪ್ಪು" ಅಂದರು ಮೇಡಂ, ಟಿ.ವಿ. ಕಡೆ ತಿರುಗಿ. "ಅದರ ಬಾಲ ಬರುವುದೇ ಬಲದಿಂದ. ಅಲ್ಲಿ ನಾನೂ ಒಂದು ವಾರ ಸತ್ತಿದ್ದೇನೆ."

ಒಂದು ಪೆಟ್ಟಿನ ಶೂರ

ಅಂಕ ಹಂಚುವ ವಿಷಯದಲ್ಲಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲವನ್ನೂ ಬಲಕ್ಕೆ ಹಾಕಿದೆ. ಡ್ರಿಲ್ ಮಾಷ್ಟ್ರು ಮತ್ತೆಂತ ಮಾಡ್ಲಿಕ್ಕುಂಟು? ಸೈನಿಕನ ತೋಳು ಹಲಸಿನ ಕೊಂಬೆಯ ಹಾಗೆ ದಪ್ಪವಾಯಿತು. ಅವನಿಗಿಂತ ಎತ್ತರದ ಒಂದು ಸುತ್ತಿಗೆ ಸಿಕ್ಕಿತು, ಅದನ್ನೂ ಹೆಗಲಿಗೇರಿಸಿದೆ. ಎತ್ತಿ ಬಡಿದರೆ ಕೋಟೆಯ ಗೋಡೆ ಒಂದೇ ಪೆಟ್ಟಿಗೆ ಮಣ್ಣುಪಾಲು! ನನಗೇ ರೋಮಾಂಚನವಾಯಿತು.

ಹೆಂಡತಿ ಪಕ್ಕದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. "ನೋಡಿದೆಯಾ? ಒಂದೇ ಪೆಟ್ಟು!" ಅಂದೆ.

ಅಷ್ಟರಲ್ಲಿ ಸೈನಿಕನ ಉಸಿರು ಮುಗಿದಿತ್ತು. ಉಸಿರಿಗೆ ನಾನು ಒಂದು ಅಂಕವನ್ನೂ ಕೊಟ್ಟಿರಲಿಲ್ಲ. ಅವನು ಸುತ್ತಿಗೆಗೆ ಒರಗಿ ಏದುಸಿರು ಬಿಡುತ್ತಾ ನಿಂತ. ಮೊಣಕಾಲೆತ್ತರದ ನಾಲ್ಕು ಕುಳ್ಳರು ಬಂದು ಸೌಟಿನಂಥ ಕೋಲುಗಳಲ್ಲಿ ಅವನನ್ನು ಬಡಿಯತೊಡಗಿದರು. ಅವನಿಗೆ ಕೈ ಎತ್ತಲಾಗಲಿಲ್ಲ, ನನಗೆ ಮುಖ ಎತ್ತಲಾಗಲಿಲ್ಲ.

"ನೋಡಿದೆ" ಅಂದಳು ಹೆಂಡತಿ. "ತೆಂಗಿನಕಾಯಿ ಸುಲಿಯುವಾಗ ನೀವೂ ಹೀಗೇ. ಒಂದು ಸುಲಿದು ಊರಿಗೆಲ್ಲ ತೋರಿಸ್ತೀರಿ. ಬಾಕಿ ರಾಶಿ ನನಗೆ."

ಹುಲಿಯ ಭಾಷೆ

ನಮ್ಮ ನೆರೆಮನೆಯವರನ್ನು ಊರಿಡೀ ಇಚ್ಚ ಅಂತ ಕರೆಯುತ್ತದೆ. ಅಣ್ಣ ಅಂತ ಅರ್ಥ. ಗಲ್ಫಿನಲ್ಲಿ ದೊಡ್ಡ ಟ್ರಕ್ ಓಡಿಸಿ ಊರಿಗೆ ಮರಳಿದವರು. ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದವರು, ಸೈನಿಕ ಬಂದ ಮೇಲೆ ಪೇಪರಿನ ಮೇಲೆಯೇ ಕೂತುಕೊಳ್ಳಲು ಶುರುಮಾಡಿದರು.

ಇಚ್ಚ ತನಗೇ ಅಂತ ಬೇರೆ ಒಬ್ಬ ಸೈನಿಕನನ್ನು ಮಾಡಿಕೊಂಡರು. ಅಂಕಗಳನ್ನೆಲ್ಲ ಸುರಿದದ್ದು ಮಾತಿಗೆ.

"ಇಚ್ಚ, ಯುದ್ಧದಲ್ಲಿ ಮಾತು ಯಾಕೆ?" ಅಂತ ಕೇಳಿದೆ.

"ಮಾಷೇ, ಮರುಭೂಮಿಯ ಎಲ್ಲ ಚೆಕ್‌ಪೋಸ್ಟ್ ದಾಟಿದವ ನಾನು. ಕತ್ತಿ ಹಿಡಿದು ಅಲ್ಲ."

ಸ್ವಲ್ಪ ದೂರ ಹೋಗುವಾಗ ದರೋಡೆಕೋರರ ಗುಂಪೊಂದು ಅಡ್ಡಗಟ್ಟಿತು. ನನ್ನ ಸೈನಿಕ ಅಲ್ಲಿ ಹೆಣವಾಗಿದ್ದ. ಇಚ್ಚ ಕತ್ತಿಯನ್ನು ಮುಟ್ಟಲೇ ಇಲ್ಲ. ಪರದೆಯ ಮೇಲೆ ಮೂಡಿದ ಮಾತುಗಳಲ್ಲಿ ಒಂದೊಂದನ್ನೇ ಅಳೆದು ಆರಿಸಿದರು. ಮೊದಲು ನಾಯಕನ ಕುದುರೆಯನ್ನು ಹೊಗಳಿದರು, ಆಮೇಲೆ ಅವನ ತಾಯಿಯ ಆರೋಗ್ಯ ವಿಚಾರಿಸಿದರು. ನೀವು ನಂಬಲಿಕ್ಕಿಲ್ಲ. ಆ ನಾಯಕ ಕತ್ತಿ ಒರೆಗೆ ಹಾಕಿ, ಊಟಕ್ಕೆ ಕರೆದು, ಹೋಗುವಾಗ ಆ ಕುದುರೆಯನ್ನೇ ಕೊಟ್ಟು ಕಳಿಸಿದ! ನಾನು ಎದ್ದು ನಿಲ್ಲುವ ಹಾಗಿದ್ದರೆ ಸೆಲ್ಯೂಟ್ ಹೊಡೆಯುತ್ತಿದ್ದೆ.

ಇಚ್ಚ ರಾಜನ ಹಾಗೆ ಕುದುರೆ ಏರಿ ಕಾಡಿಗೆ ಹೊಕ್ಕರು. ಎದುರಿಗೆ ಹುಲಿ. ಇಚ್ಚ ಮಾತಿನ ಬಟನ್ ಒತ್ತಿದರು. ಏನೂ ಮೂಡಲಿಲ್ಲ. ಮತ್ತೊಮ್ಮೆ ಒತ್ತಿದರು. ಹುಲಿ ಹಾರಿತು. ಕುದುರೆ ಓಡಿತು. ಇಚ್ಚ ಸತ್ತರು.

ಅವರು ಬಟನ್‌ಗಳ ಕಂಟ್ರೋಲರನ್ನು ಪಕ್ಕಕ್ಕಿಟ್ಟರು. ಆಮೇಲೆ ನಿಜವಾದ ದುಃಖದಿಂದ ಹೇಳಿದರು: "ಮಲಯಾಳ, ತುಳು, ಕನ್ನಡ, ಬ್ಯಾರಿ, ಹಿಂದಿ, ಅರಬ್ಬಿ ಎಲ್ಲ ಕಲಿತೆ. ಹುಲಿದ್ದು ಒಂದು ಕಲೀಲಿಲ್ಲ ಮಾರಾಯ."

ಅರ್ಧ ಕಲಿತವರು

ಮಧೂರಿನ ಕಡೆಯ ಭಟ್ಟರೊಬ್ಬರು ನನಗೆ ಹಳೆಯ ಪರಿಚಯ, ಪೂಜೆ ಪುರೋಹಿತಿಕೆಯವರು. ಕಾಲು ನೋಡಲೆಂದು ಅಪ್ಪದ ಪ್ರಸಾದ ಹಿಡಿದುಕೊಂಡು ಬಂದಿದ್ದರು. ಮುಂದಿನ ಬಸ್ಸಿಗೆ ಹೊರಡುತ್ತೇನೆ ಅಂತ ಕುರ್ಚಿಯ ತುದಿಯಲ್ಲಿ ಕೂತರು.

ಆಮೇಲೆ ಸಿಕ್ಕಿದ ಅಂಕಗಳನ್ನು ಮಂತ್ರಕ್ಕೂ ಹಾಕಿ, ನಾನಾಗ ಬೆಂಕಿಯ ಮಂತ್ರಕ್ಕೆ ಒದ್ದಾಡುತ್ತಿದ್ದೆ. ಅದಕ್ಕೆ ಬಟನ್‌ಗಳನ್ನು ಒಂದು ಕ್ರಮದಲ್ಲಿ ಒತ್ತಬೇಕು. ಉದ್ದದ ಕ್ರಮ. ಅರ್ಧಕ್ಕೆ ಬರುವಾಗ ಮರೆಯುತ್ತದೆ, ಕೈಯಿಂದ ಒಂದಿಷ್ಟು ಹೊಗೆ ಬಂದು ಮುಗಿಯುತ್ತದೆ.

"ಅದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ ಮಾಷ್ಟ್ರೇ" ಅಂದರು ಭಟ್ಟರು.

ಓದಿದೆ. ಅವರು ಕಣ್ಣು ಮುಚ್ಚಿ, ವೇದ ಹೇಳುವ ರಾಗದಲ್ಲಿ, ಕೈಯನ್ನು ಮೇಲೆ ಕೆಳಗೆ ಆಡಿಸುತ್ತಾ ಹೇಳತೊಡಗಿದರು. "ಮೇಲೆ ಎಡ, ಎಡ ಮೇಲೆ, ಮೇಲೆ ಎಡ. ಎಡ ಕೆಳಗೆ, ಕೆಳಗೆ ಎಡ, ಎಡ ಕೆಳಗೆ..." ಹೀಗೆ ಎರಡೆರಡನ್ನು ಹೆಣೆದು, ತಿರುಗಿಸಿ, ಮತ್ತೆ ಹೆಣೆದರು. "ಹೀಗೆ ಹೇಳಿಕೊಂಡರೆ ಜನ್ಮಕ್ಕೆ ಮರೆಯುವುದಿಲ್ಲ. ನಮಗೆ ಪಾಠಶಾಲೆಯಲ್ಲಿ ಹೀಗೆಯೇ. ಕೊಡಿ ಇಲ್ಲಿ."

ಕೊಟ್ಟೆ. ಅವರ ಬೆರಳುಗಳು ಒಂದು ಕಡೆಯೂ ತಡವರಿಸಲಿಲ್ಲ. ಸೈನಿಕನ ಎರಡೂ ಅಂಗೈಗಳಲ್ಲಿ ಜ್ವಾಲೆ ಎದ್ದಿತು. ಅದು ಬೆಳೆದು, ಸುತ್ತಿ, ಆಕಾಶಕ್ಕೇರಿ, ಬಯಲು ತುಂಬಾ ನಿಂತಿದ್ದ ಅಸ್ಥಿಪಂಜರಗಳ ಸೈನ್ಯ ಒಂದೇ ಉರಿಯಲ್ಲಿ ಬೂದಿಯಾಯಿತು. ನಮ್ಮ ಚಾವಡಿಯ ಗೋಡೆಯೆಲ್ಲ ಕೆಂಪು. ಪಕ್ಕದಲ್ಲಿ ಕೂತಿದ್ದ ಇಚ್ಚನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನನಗೆ ಕೈ ಮುಗಿಯುವ ಹಾಗಾಯಿತು.

ಹೈವೇಯಲ್ಲಿ ಬಸ್ಸು ಹೋದ ಸದ್ದು ಕೇಳಿಸಿತು. ಭಟ್ಟರು ಏಳಲಿಲ್ಲ. ಬೆಂಕಿ ಇನ್ನೂ ಉರಿಯುತ್ತಿತ್ತು.

"ಇನ್ನು ಅಗ್ನಿಯನ್ನು ವಿಸರ್ಜನೆ ಮಾಡುವ ಬಟನ್ ಯಾವುದು ಮಾಷ್ಟ್ರೇ?"

"ಅಂಥದ್ದು ಇಲ್ಲ ಭಟ್ರೇ. ಅದಾಗಿಯೇ ಆರ್ತದೆ."

ಭಟ್ಟರು ನನ್ನನ್ನೂ ಟಿ.ವಿ.ಯನ್ನೂ ಮರುಕದಿಂದ ನೋಡಿದರು. "ಆವಾಹನೆ ಉಂಟು, ವಿಸರ್ಜನೆ ಇಲ್ಲ! ಇದನ್ನು ಮಾಡಿದವರು ಪಾಠಶಾಲೆಯನ್ನು ಅರ್ಧದಲ್ಲೇ ಬಿಟ್ಟವರು."

ಸೇತುವೆ

ಮೊಸಳೆ ದಾಟಿದೆವು, ಕಾಡು ದಾಟಿದೆವು. ಸೇತುವೆ ಮಾತ್ರ ದಾಟಲಾಗಲಿಲ್ಲ. ಅದರ ನಡುವೆ ಒಬ್ಬ ಕಬ್ಬಿಣದ ರಾಕ್ಷಸ ನಿಂತಿದ್ದ. ತೆಂಗಿನ ಮರದಷ್ಟು ಎತ್ತರ, ಕೈಯಲ್ಲಿ ದೋಣಿಯಷ್ಟು ದೊಡ್ಡ ಕೊಡಲಿ. ನನ್ನ ಸುತ್ತಿಗೆಗೆ ಅವನು ಅಲುಗಲಿಲ್ಲ. ಇಚ್ಚನ ಮಾತಿಗೆ ಅವನಿಗೆ ಕಿವಿಯೇ ಇರಲಿಲ್ಲ. ಭಟ್ಟರು ಮತ್ತೊಮ್ಮೆ ಬಂದು ಬೆಂಕಿ ಎಬ್ಬಿಸಿದರು. ಕಬ್ಬಿಣ ಕೆಂಪಾಯಿತು, ರಾಕ್ಷಸನಿಗೆ ಸಿಟ್ಟು ಹೆಚ್ಚಾಯಿತು, ಅಷ್ಟೆ.

ಈ ನಡುವೆ ಫಿಸಿಯೋ ಮೇಡಂ, "ಸರ್, ಇನ್ನು ಕೋಲು ಬಿಟ್ಟು ನಡೀಬೇಕು. ಹೀಗೇ ಕೂತರೆ ಗಂಟು ಬಿಗಿದುಹೋಗ್ತದೆ, ಮತ್ತೆ ಬಗ್ಗಲಿಕ್ಕಿಲ್ಲ" ಅಂತ ಎಚ್ಚರಿಸಿದ್ದರು. ನಾನು, "ಈ ರಾಕ್ಷಸ ಬೀಳಲಿ, ಮಾರನೆ ದಿನವೇ ಏಳ್ತೇನೆ" ಅನ್ನುತ್ತಿದ್ದೆ. ಒಂದು ವಾರ ಹೋಯಿತು, ಇನ್ನೊಂದೂ ಹೋಯಿತು. ರಾಕ್ಷಸ ಬೀಳಲಿಲ್ಲ, ನಾನು ಏಳಲಿಲ್ಲ. ಕಾಲು ಮಡಿಸುವಾಗ ಮೊದಲಿಲ್ಲದ ಒಂದು ಬಿಗಿತ ಬರತೊಡಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕ್ಯಾಶುವಾಲ್ಟಿಯಲ್ಲಿ, ಅಂದರೆ ಅಪಘಾತದವರೂ ಎದೆನೋವಿನವರೂ ಮೊದಲು ಬಂದು ಬೀಳುವ ಕಡೆ ಅವಳ ಡ್ಯೂಟಿ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ನಾನೂ ಇಚ್ಚನೂ ಸೇತುವೆಯ ಮೇಲೆ ಸಾಯುತ್ತಿರುವಾಗ, ಅವಳು ಕೈ ಒರೆಸಿಕೊಂಡು ಬಂದು ನಮ್ಮ ನಡುವೆ ಕೂತಳು.

"ಇವ ಬಿದ್ರೆ ಏಳ್ತೀರಾ?"

"ಏಳ್ತೇನೆ."

"ಇಚ್ಚ, ನೀವು ಸಾಕ್ಷಿ" ಅಂದಳು. ನನ್ನ ಕೈಯಿಂದ ಕಂಟ್ರೋಲರನ್ನು ತೆಗೆದುಕೊಂಡಳು.

ಮೊದಲು, ಹಂಚಿದ ಅಂಕಗಳನ್ನು ಬಿಡಿಸಿ ಬೇರೆ ಕಡೆ ಹಾಕಿಕೊಡುವ ಮಾಟಗಾತಿಯೊಬ್ಬಳು ಆಟದಲ್ಲಿ ಎಲ್ಲಿದ್ದಾಳೆ ಅಂತ ಕೇಳಿ ಅವಳ ಹತ್ತಿರ ಹೋದಳು. ನನ್ನ ಬಲವನ್ನೆಲ್ಲ ಕಳಚಿ ಉಸಿರಿಗೆ ಹಾಕಿದಳು. ಕವಚ ಬಿಚ್ಚಿಸಿದಳು. "ಇಷ್ಟು ಭಾರ ಹೊತ್ತು ಯಾರು ಓಡ್ತಾರೆ?" ಸುತ್ತಿಗೆ ಬಿಟ್ಟು ಒಂದು ಸಣ್ಣ ಚೂರಿ ಹಿಡಿದಳು, ಅದರ ಮೊನೆಗೆ ವಿಷ ಸವರಿದಳು. ತೆಂಗಿನ ಮರದಷ್ಟು ರಾಕ್ಷಸನಿಗೆ ತರಕಾರಿ ಚೂರಿ! ಇಚ್ಚ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಕೊಡಲಿ ಬಂತು. ಅವಳು ಉರುಳಿದಳು. ಮತ್ತೆ ಬಂತು, ಉರುಳಿದಳು. ಮೂರನೆಯದೂ ತಪ್ಪಿತು. ನಾವೆಲ್ಲ ಸಾಯುತ್ತಿದ್ದದ್ದು ನಾಲ್ಕನೆಯದಕ್ಕೆ. ರಾಕ್ಷಸ ಕೊಡಲಿ ಎತ್ತಿದ.

"ಉರುಳು!" ಅಂತ ನಾವಿಬ್ಬರೂ ಕೂಗಿದೆವು.

ಅವಳು ಅಲುಗಲಿಲ್ಲ. ಕೊಡಲಿ ಮೇಲೆಯೇ ನಿಂತಿತ್ತು. ನಿಂತೇ ಇತ್ತು. ಆಮೇಲೆ ಇಳಿಯಿತು, ಆಗ ಅವಳು ಉರುಳಿದಳು. ಎದ್ದವಳೇ ಅವನ ಹಿಮ್ಮಡಿಗೆ ಚೂರಿಯಿಂದ ಒಂದು ಚುಚ್ಚು.

"ಇಂಜೆಕ್ಷನ್ ಅಂತ ಗೊತ್ತಾದ ಮಕ್ಕಳು ಸೂಜಿ ಬರುವ ಮೊದಲೇ ಕೈ ಎಳೀತಾರೆ" ಅಂದಳು, ಕಣ್ಣು ತೆಗೆಯದೆ. "ನಿಮ್ಮನ್ನೂ ಇವ ಹಾಗೆ ಮೊದಲೇ ಉರುಳಿಸಿ ಹೊಡೀತಾನೆ. ಕೊಡಲಿ ನೋಡ್ಬಾರದು, ಭುಜ ನೋಡ್ಬೇಕು."

ಚುಚ್ಚಿ ಸರಿದು ನಿಂತಳು. "ಇನ್ನೊಂದು ಹಾಕಿ ಸಿಸ್ಟರೇ!" ಅಂತ ಇಚ್ಚ ಚಡಪಡಿಸಿದರು. "ಈಗ ಹಾಕಿದ್ರೆ ದಂಡ. ಡೋಸ್ ಏರಬೇಕು." ವಿಷದ ಹಸಿರು ಅವನ ಕಾಲಿನಿಂದ ಮೆಲ್ಲ ಮೇಲೇರುವುದನ್ನು ಕಾದು, ಅದು ಇಳಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಚುಚ್ಚಿದಳು. ಒಂದು ಅವಸರವಿಲ್ಲ, ಒಂದು ವ್ಯರ್ಥ ಹೆಜ್ಜೆಯಿಲ್ಲ. ರಕ್ತ, ಕೂಗು, ಓಡಾಟಗಳ ನಡುವೆ ವರ್ಷಗಟ್ಟಲೆ ಅವಳು ಹೀಗೆಯೇ ನಿಂತಿರಬೇಕು. ಇಷ್ಟು ಕಾಲ ಒಂದೇ ಮನೆಯಲ್ಲಿದ್ದೂ ನಾನು ಅವಳ ಕೆಲಸವನ್ನು ನೋಡಿದ್ದು ಅವತ್ತು. ಮೈ ಜುಮ್ಮೆಂದಿತು.

ರಾಕ್ಷಸ ತೂರಾಡಿದ. ಮಂಡಿಯೂರಿದ. ಸೇತುವೆ ನಡುಗುವ ಹಾಗೆ ಮಗುಚಿ ಹೊಳೆಗೆ ಬಿದ್ದ. ಅವಳಿಗೆ ಒಂದು ಗೀರೂ ತಾಗಿರಲಿಲ್ಲ.

ಇಚ್ಚ ಕೂಗಿದರು. ನಾನೂ ಕೂಗಿದೆ, ಚಪ್ಪಾಳೆ ತಟ್ಟಿದೆ. ತಟ್ಟುವಾಗ ಗೊತ್ತಾಯಿತು, ನಾನು ನಿಂತಿದ್ದೇನೆ. ಕೋಲು ಗೋಡೆಗೊರಗಿ ಅಲ್ಲೇ ಉಂಟು, ನಾನು ಎರಡು ಕಾಲಿನ ಮೇಲೆ ಚಾವಡಿಯ ನಡುವೆ ಇದ್ದೇನೆ.

"ನಿಂತೆ! ನೋಡು, ನಿಂತೆ!" ಅಂದೆ. ಕಣ್ಣು ಮಂಜಾಗಿತ್ತು.

ಅವಳು ತಿರುಗಿ ನೋಡಲಿಲ್ಲ. ಅವಳ ಸೈನಿಕ ಸೇತುವೆಯ ಆಚೆಯ ಕತ್ತಲೆ ಅರಮನೆಯನ್ನು ಹೊಕ್ಕಾಗಿತ್ತು.

"ಒಳ್ಳೇದಾಯ್ತು. ಹಾಗೇ ಹೋಗಿ ಮೂರು ಚಾ ಮಾಡಿ" ಅಂದಳು.

ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ, ಆಪರೇಷನ್ ಆದ ಮೇಲೆ ಮೊದಲ ಬಾರಿಗೆ ನಾನು ನನ್ನ ಕಾಲ ಮೇಲೆಯೇ ಅಡುಗೆಮನೆ ಮುಟ್ಟಿದೆ. ಪಾತ್ರೆ ತೆಗೆಯುವಾಗ ಮುಚ್ಚಳ ಕೈತಪ್ಪಿ ನೆಲಕ್ಕೆ ಬಿದ್ದು ಠಣ್ ಎಂದಿತು.

ಚಾವಡಿಯಿಂದ ಹೆಂಡತಿಯ ಪಿಸುದನಿ ಬಂತು. "ಮೆಲ್ಲ ಮಾರಾಯ್ರೇ, ಮೆಲ್ಲ! ಇಲ್ಲಿ ಮಂತ್ರವಾದಿ ಮಲಗಿದ್ದಾನೆ, ಏಳ್ತಾನೆ!"