ಮನೆ ಉಳಿಸುವ ಪ್ರಬಂಧ

ಅಂದು ಬೆಳಗ್ಗೆ ಮಧ್ವೇಶರ ಮನೆಯ ಮುಂದೆ ಬಿಳಿ ಜೀಪೊಂದು ಬಂದು ನಿಂತಿತು. ಅದರಿಂದ ಇಳಿದ ಇಬ್ಬರು ಒಂದು ಮಾತೂ ಆಡದೆ ಬಾಗಿಲಿನ ಅಗಲಕ್ಕೆ ಟೇಪು ಹಿಡಿದು ಅಳೆದುಕೊಂಡು ಹೋದರು. ಆ ವರ್ಷಗಳಲ್ಲಿ ಇದರ ಅರ್ಥ ಹೊಸಪೇಟೆಯ ಎಲ್ಲರಿಗೂ ಗೊತ್ತಿತ್ತು. ಸಂಡೂರಿನ ಗುಡ್ಡದಿಂದ ಅದಿರು ಇಳಿದಷ್ಟೂ ಊರಿಗೆ ಕಂಪನಿಗಳು ಬರುತ್ತಿದ್ದವು. ಇವತ್ತು ಟೇಪು ಬಂದರೆ ಬರುವ ವಾರ ಬೋರ್ಡು ಬರುತ್ತಿತ್ತು. ಹಪ್ಪಳ ಒಣಗುತ್ತಿದ್ದ ಪಡಸಾಲೆಯಲ್ಲಿ ತಿರುಗುವ ಕುರ್ಚಿ ಬಂದು ಕೂರುತ್ತಿತ್ತು.

ಮಧ್ವೇಶರು ಊರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವರು. ಹುಡುಗರಿಗೆ ಪ್ರಬಂಧ ಬರೆಯಲು ಕಲಿಸುವುದರಲ್ಲಿ ಅವರದು ಎತ್ತಿದ ಕೈ. ಅವರ ಕೆಂಪು ಶಾಯಿಗೆ ಗೊತ್ತಿದ್ದುದು ಒಂದೇ ಪ್ರಶ್ನೆ: 'ಆಧಾರ ಎಲ್ಲಿ?' ತುಂಗಭದ್ರೆ ನಮ್ಮ ಜೀವನಾಡಿ ಎಂದು ಬರೆದ ಬಡಪಾಯಿಗೂ ಅದೇ ಪ್ರಶ್ನೆ. ಹೆಂಡತಿ ಪ್ರಿಯಂವದಾ ಸಾರಿಗೆ ಉಪ್ಪು ಸರಿಯಾಗಿದೆ ಎಂದರೂ ಆಧಾರ ಕೇಳುವಷ್ಟು ಈ ಅಭ್ಯಾಸ ಬೆಳೆದಿತ್ತು. ಅಂಥ ದಿನ ತಟ್ಟೆ ಕೊಂಚ ಜೋರಾಗಿಯೇ ಸದ್ದು ಮಾಡಿಕೊಂಡು ಅವರ ಮುಂದೆ ಬರುತ್ತಿತ್ತು.

ಜೀಪಿನ ಹಿಂದೆಯೇ ಮನೆಯ ಮಾಲೀಕ ಗಾದಿಲಿಂಗಪ್ಪ ಬಂದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವ ಸಾವುಕಾರರು. ಒಳ್ಳೆಯ ಮನುಷ್ಯ. ಹಾಗಾಗಿ ಕೆಟ್ಟ ಸುದ್ದಿ ಹೇಳಲು ಅವರಿಗೆ ಎರಡು ಲೋಟ ಕಾಫಿ ಬೇಕಾಯಿತು.

"ಮೇಷ್ಟ್ರ, ಕಂಪನಿಯೋರು ನಾಕು ಪಟ್ಟು ಬಾಡಿಗಿ ಕೊಡ್ತೀವಂತಾರ. ನಿಮ್ಮನ್ನ ಬಿಡಸಾಕ ನನಗ ಮನಸಿಲ್ಲ. ಆದ್ರ ಇಲ್ಲ ಅನ್ನಾಕ ಒಂದು ಕಾರಣ ಬೇಕಲ್ರಿ. ಮನ್ಯಾಗ ಹೇಣ್ತಿ ಪಂಪಮ್ಮ ಕೇಳ್ತಾಳ, ಮಗ ಕೇಳ್ತಾನ."

"ಕಾರಣ ಬೇಕಾದಷ್ಟು ಅವ, ಸಾವ್ಕಾರ್ರ."

"ಬಾಯಿಮಾತು ಬ್ಯಾಡ್ರಿ. ಹುಡುಗರಿಗೆ ಕಲಿಸ್ತೀರಲ್ಲ, ಒಂದೊಂದು ಮಾತಿಗೂ ಸಾಕ್ಷಿ ಇಟ್ಟು ಬರಿಯೋದು, ಹಂಗ ಬರೀರಿ. ಸಂಜಿಗೆ ಪಂಪಮ್ಮನ್ನ ಕರ್ಕೊಂಡು ಬರ್ತೀನಿ. ಆಕಿ ಒಪ್ಪಿದ್ರ ಕಂಪನಿಗೆ ಮನಿ ಇಲ್ಲ."

ಮಧ್ವೇಶರ ಎದೆ ಉಬ್ಬಿತು. ಕರಿಹಲಗೆಯ ಮೇಲೆ ಬರೆದು ಅಳಿಸಿದ ವಿದ್ಯೆ ಕೊನೆಗೂ ಒಂದು ಮನೆ ಉಳಿಸುವ ಕಾಲ ಬಂತು. ಕಾಲೇಜಿಗೆ ರಜೆ ಹಾಕಿ ಪೆನ್ನಿಗೆ ಶಾಯಿ ತುಂಬಿದರು. ಒಳಗೊಳಗೆ ಅಂಜಿಕೆಯೂ ಇತ್ತು. ಈ ಮನೆ ಕೈತಪ್ಪಿದರೆ ಅವರ ಸಂಬಳಕ್ಕೆ ಹೊಸಪೇಟೆಯಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ. ಕಡ್ಡಿರಾಂಪುರದ ಆಚೆ ಎಲ್ಲಾದರೂ ಹುಡುಕಿಕೊಂಡು ದಿನಾ ಬಸ್ಸಿನಲ್ಲಿ ನೇತಾಡಬೇಕಿತ್ತು.

"ಉದ್ದ ಬರೀಬ್ಯಾಡ್ರಿ," ಎಂದಳು ಪ್ರಿಯಂವದಾ. "ನಾವು ಇಲ್ಲೇ ಇರ್ತೀವಿ, ಬಾಡಿಗಿ ಸ್ವಲ್ಪ ಏರಸ್ತೀವಿ ಅಂತ ಎರಡು ಸಾಲು ಬರದ್ರ ಸಾಕು."

"ಅದು ಬೇಡಿಕೆ ಆಯ್ತು. ವಾದ ಅಲ್ಲ," ಎಂದರು ಮಧ್ವೇಶರು.

ಮೊದಲು ಅವರು ಮನೆಯ ದೋಷಗಳಿಂದ ಶುರು ಮಾಡಿದರು. ಮಾಳಿಗೆಯ ಮೂಲೆ ಸೋರುತ್ತದೆ, ಕರೆಂಟು ಹೋಗುತ್ತದೆ, ಇಂಥ ಮನೆ ಕಂಪನಿಗೆ ತಕ್ಕದ್ದಲ್ಲ. ಅಷ್ಟರಲ್ಲಿ ಎದುರು ಮನೆಯ ಕೊಟ್ರಯ್ಯ ಹೆಗಲ ಮೇಲಿಂದ ಇಣುಕಿದರು. ಕೊಟ್ರಯ್ಯ ನಿವೃತ್ತ ಗುಮಾಸ್ತರು. ಪಿಂಚಣಿ ಬಂದ ಮೇಲೆ ಬೇರೆಯವರ ಮಾತಿನಲ್ಲಿ ತಪ್ಪು ಹುಡುಕುವುದೇ ಅವರ ಪೂರ್ಣಾವಧಿ ಕೆಲಸವಾಗಿತ್ತು.

"ಮೇಷ್ಟ್ರ, ಸೋರೋ ಮನಿಗೆ ನಾಕು ಪಟ್ಟು ಕೊಡೋ ಹುಚ್ಚರು ಸಿಕ್ಕಾರಂದ್ರ ಸಾವ್ಕಾರ ಏನಂತಾನ? ಅವರಿಗೆ ಬುದ್ಧಿ ಬರೂದರಾಗ ಜಲ್ದಿ ಕೊಟ್ಟುಬಿಡ್ತೀನಿ ಅಂತಾನ."

ಮಾತು ನಿಜ. ಮಧ್ವೇಶರು ಹಾಳೆ ಹರಿದು ಹೊಸ ಪ್ರತಿಪಾದನೆ ಬರೆದರು: ಇದು ಸಂಸಾರಕ್ಕೆ ಹೇಳಿ ಮಾಡಿಸಿದ ಮನೆ, ಇಂಥದ್ದನ್ನು ಕಚೇರಿ ಮಾಡುವುದು ಅನ್ಯಾಯ. ಇನ್ನು ಬೇಕಾದದ್ದು ಆಧಾರ.

ಬಾವಿಗೆ ಸಾಕ್ಷಿ ಸುಲಭವಾಗಿ ಸಿಕ್ಕಿತು. ಪಕ್ಕದ ಮನೆಯ ಭೀಮವ್ವ ದಿನಾ ಅಲ್ಲೇ ನೀರು ಸೇದುವವಳು. "ಕಲ್ಲುಸಕ್ಕರಿ ಇದ್ದಂಗೈತಿ ನೀರು. ಎಂಥಾ ಬ್ಯಾಸಗ್ಯಾಗೂ ಬತ್ತಿಲ್ಲ. ನನ್ನ ಹೆಸರು ಹಾಕಿ ಬರೀರಿ," ಎಂದಳು. ಅಲ್ಲಿಗೆ ಬಿಡಲಿಲ್ಲ. "ನನ್ನ ಮೊಣಕಾಲೂ ಬರೀರಿ. ಮಗನ ಮನಿ ಮೆಟ್ಟಲ ಒಮ್ಮಿ ಹತ್ತಿದ್ರ ಮೂರು ದಿನ ಎಣ್ಣಿ ತಿಕ್ಕಬೇಕು. ಇಲ್ಲಿ ಗಿಡ್ಡ ಮೆಟ್ಟಲ ದಿನಾ ಹತ್ತಿ ಇಳೀತೀನಿ, ಮೊಣಕಾಲು ಮಾತೇ ಆಡಂಗಿಲ್ಲ."

ಮೊಣಕಾಲೂ ಪ್ರಬಂಧದೊಳಗೆ ಬಂತು.

ತೊಂದರೆ ಶುರುವಾದದ್ದು ಧೂಳಿನಿಂದ. ಅದಿರಿನ ಕೆಂಪು ಧೂಳು ಈ ಮನೆಯ ಹಿತ್ತಲಿಗೆ ಬರುವುದಿಲ್ಲ ಎಂದು ಮಧ್ವೇಶರು ಬರೆದರು. ಬರೆದ ಮೇಲೆ ತಮ್ಮ ಕೈಬರಹವೇ ತಮ್ಮನ್ನು ಆಧಾರ ಕೇಳುತ್ತಿದೆ ಅನಿಸಿತು. ಪೆಟ್ಟಿಗೆಯಿಂದ ಎರಡು ಬಿಳಿ ಧೋತರ ತೆಗೆದರು. ಒಂದನ್ನು ಹಿತ್ತಲಿನಲ್ಲಿ ಹರವಿ ಇನ್ನೊಂದನ್ನು ಲಾರಿಗಳು ಓಡಾಡುವ ದೊಡ್ಡ ರಸ್ತೆಯ ಕಂಬಕ್ಕೆ ಕಟ್ಟಿ ಬಂದರು.

ಕಂಬದ ಮೇಲೆ ಬಿಳಿ ಬಟ್ಟೆ ಹಾರಾಡುವುದನ್ನು ಕಂಡ ಮೊದಲ ಲಾರಿಯವನು ಮುಂದೆ ಏನೋ ತಪಾಸಣೆ ಇದೆ ಎಂದುಕೊಂಡು ನಿಂತ. ಅವನು ನಿಂತನೆಂದು ಹಿಂದಿನವನು ನಿಂತ. ಸ್ವಲ್ಪ ಹೊತ್ತಿಗೆ ಊರ ಹೊರಗಿನವರೆಗೂ ಲಾರಿಗಳು ಹನುಮಂತನ ಬಾಲದಂತೆ ನಿಂತಿದ್ದವು. ಯಾಕೆ ನಿಂತಿದ್ದೇವೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ಯಾರ್ದ್ರಿ ಈ ಧೋತರ?" ಎಂದು ಪೊಲೀಸಿನವನು ಕೇಳಿದಾಗ ಕೊಟ್ರಯ್ಯ ಬಹಳ ಉಪಕಾರ ಮಾಡುವವರಂತೆ ಮಧ್ವೇಶರನ್ನು ಕೈಹಿಡಿದು ಕರೆತಂದರು.

"ಪ್ರಬಂಧಕ್ಕ ಆಧಾರ ಕೂಡಿಸ್ಲಿಕ್ಕೆ ಹತ್ತಿದ್ದೆ," ಎಂದರು ಮಧ್ವೇಶರು.

ಪೊಲೀಸಿನವನು ಅವರನ್ನು ಮೇಲಿಂದ ಕೆಳಗೆ ನೋಡಿದ. "ಮೇಷ್ಟ್ರೇನ್ರಿ ನೀವು? ಹಂಗನಕೊಂಡೆ. ಬಿಚ್ಕೊಂಡು ಮನಿಗೆ ನಡೀರಿ."

ಎಲ್ಲ ಲಾರಿಯವರ ಕಣ್ಣೆದುರು ಮಧ್ವೇಶರು ಧೋತರ ಬಿಚ್ಚಿಕೊಂಡರು. ಅದು ಪೂರ್ತಿ ಕಾವಿಯಾಗಿತ್ತು. "ಸನ್ಯಾಸ ಯಾವಾಗ್ರಿ?" ಎಂದರು ಕೊಟ್ರಯ್ಯ. ಪ್ರಿಯಂವದಾ ನಗಲಿಲ್ಲ, ಅದು ಅವಳ ಅಣ್ಣ ಉಡುಗೊರೆ ಕೊಟ್ಟ ಧೋತರ. ಆದರೆ ಹಿತ್ತಲಿನದು ಮಲ್ಲಿಗೆಯಷ್ಟು ಬೆಳ್ಳಗಿತ್ತು. ಮಧ್ವೇಶರಿಗೆ ಅಷ್ಟೇ ಬೇಕಾಗಿತ್ತು. ಮರ್ಯಾದೆ ಹೋದದ್ದನ್ನು ಮರೆತು ಕೂತು ಬರೆದರು.

ಸಂಜೆ ಗಾದಿಲಿಂಗಪ್ಪ ಹೆಂಡತಿ ಪಂಪಮ್ಮನನ್ನು ಕರೆದುಕೊಂಡು ಬಂದರು. ಭೀಮವ್ವ, ಕೊಟ್ರಯ್ಯ ಕರೆಯದೆಯೇ ಬಂದು ಕೂತರು. ಮಧ್ವೇಶರು ಕಟ್ಟೆಯ ಮೇಲೆ ನಿಂತು ಓದಿದರು. ಬಾವಿಯ ಸಿಹಿನೀರು ಬಂತು, ಭೀಮವ್ವ ತಲೆಯಾಡಿಸಿದಳು. ಮೆಟ್ಟಿಲು ಬಂತು, ಮೊಣಕಾಲು ಚಾಚಿ ತೋರಿಸಿದಳು. ಧೂಳಿನ ಮಾತು ಬಂದಾಗ ಎರಡೂ ಧೋತರಗಳನ್ನು ಅಕ್ಕಪಕ್ಕ ಹಿಡಿದರು. ಅಡುಗೆಮನೆಗೆ ಬೀಳುವ ಬೆಳಗಿನ ಬಿಸಿಲು, ಕೂಗಿದರೆ ಓಡಿಬರುವ ನೆರೆಹೊರೆ, ಎಲ್ಲಕ್ಕೂ ಸಾಕ್ಷಿಯಿತ್ತು. 'ಇಂಥ ಮನೆಯಲ್ಲಿ ಒಲೆ ಉರಿಯಬೇಕು, ಮನುಷ್ಯರು ಬಾಳಬೇಕು' ಎಂದು ಮುಗಿಸಿದರು.

ಪಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಂಪನಿಗೆ ಕೊಡಾದು ಬ್ಯಾಡ," ಎಂದಳು.

"ಕಂಪನಿಗೆ ಇಲ್ಲ. ಮುಗೀತು," ಎಂದರು ಗಾದಿಲಿಂಗಪ್ಪ.

ಕೊಟ್ರಯ್ಯನವರಿಗೂ ಆಕ್ಷೇಪಣೆ ಸಿಗಲಿಲ್ಲ. ಪ್ರಿಯಂವದಾ ಮೊದಲ ಸಲ ಗಂಡನನ್ನು ಹೆಮ್ಮೆಯಿಂದ ನೋಡಿ, ಮಾಡಿಟ್ಟಿದ್ದ ಸಿಹಿ ಶಿರಾ ತರಲು ಒಳಗೆ ಹೋದಳು. ಅವಳ ಹಿಂದೆಯೇ ಪಂಪಮ್ಮ ಹೋಗಿ ಅಡುಗೆಮನೆ ನೋಡಿದಳು, ಬಾವಿಗೆ ಇಣುಕಿದಳು, ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದಳು. ಬಂದು ಗಂಡನ ಮುಂದೆ ನಿಂತಳು.

"ಗಿರಣಿ ಮ್ಯಾಲಿನ ಮನ್ಯಾಗ ತೌಡು ನುಂಗಿಕೋತ, ಮೆಟ್ಟಲ ಹತ್ತಿ ಹತ್ತಿ ಮೊಣಕಾಲು ಕಳಕೊಂಡು ಕುಂತೀನಿ. ನಮ್ದೇ ಇಂಥಾ ಮನಿ ಐತಿ ಅಂತ ಒಂದಿನ ಹೇಳಿದ್ರೇನ್ರಿ ನೀವು? ಮೇಷ್ಟ್ರು ಹೇಳಬೇಕಾತು. ಇನ್ನ ನಾವ ಇಲ್ಲಿಗೆ ಬರೋಣು."

ಮಧ್ವೇಶರು ಹಾಳೆ ಹಿಡಿದೇ ಕಟ್ಟೆಯಿಂದ ಇಳಿದರು. "ಅಲ್ರೀ ಅಮ್ಮಾ, ನಾ ಹೇಳಿದ್ದು ನಾವು ಇಲ್ಲೇ ಇರಬೇಕು ಅಂತ."

ಗಾದಿಲಿಂಗಪ್ಪ ಹಾಳೆ ಇಸಿದುಕೊಂಡು ಹಿಂದೆ ಮುಂದೆ ತಿರುವಿ ನೋಡಿದರು. "ಹಂಗೇನ್ರಿ? ಅದನ್ನ ಎಲ್ಲೂ ಬರದಿಲ್ಲಲ್ರಿ."

"ಬಾವಿ ನೀರು ಸ್ವಲ್ಪ ಉಪ್ಪು ಅದ," ಎಂದರು ಮಧ್ವೇಶರು, ಮುಳುಗುವವನ ದನಿಯಲ್ಲಿ.

ಭೀಮವ್ವ ಎದ್ದು ನಿಂತಳು. "ನನ್ನ ಹೆಸರು ಹಾಕಿ ಸಿಹಿ ಅಂತ ಓದೀರಿ. ಈಗ ಉಪ್ಪು ಅಂದ್ರ, ನಾ ಸುಳ್ಳು ಹೇಳಾಕಿ ಏನ್ರಿ ಮೇಷ್ಟ್ರ?"

ಪ್ರಿಯಂವದಾ ಶಿರಾ ತಂದಿಟ್ಟಳು. ಮಾಡಿದ ಮೇಲೆ ಬಡಿಸದೆ ಇರಲಾಗುವುದಿಲ್ಲ. ಪಂಪಮ್ಮ ತಿಂದು, ಈ ಅಡುಗೆಮನೆಯ ಗುಣವೇ ಹೀಗೆ ಎಂದು ಹೊಗಳಿದಳು.

"ಅವಸರ ಇಲ್ರಿ ಮೇಷ್ಟ್ರ, ಬರೋ ತಿಂಗಳು ಬಿಟ್ಟುಕೊಟ್ರ ಸಾಕು," ಎಂದರು ಗಾದಿಲಿಂಗಪ್ಪ, ಚಪ್ಪಲಿ ಮೆಟ್ಟುತ್ತ. "ಇನ್ನೊಂದು ಉಪಕಾರ ಆಗಬೇಕು. ನಮ್ಮ ಮಗ ಕಂಪನಿಗೇ ಕೊಡಬೇಕು ಅಂತ ಹಟ ಹಿಡದಾನ. ನಾಳೆ ಕಂಪ್ಲಿಗೆ ಬಂದು ಅವನ ಮುಂದೂ ಇದನ್ನ ಓದಿಬಿಡ್ರಿ. ಹಿಂಗ ಓದಾಕ ನಮಗ ಬರಂಗಿಲ್ಲ."

ಚೆನ್ನಾಗಿ ಓದಿದರೆ ಮನೆ ಪಂಪಮ್ಮನಿಗೆ, ಕೆಟ್ಟದಾಗಿ ಓದಿದರೆ ಕಂಪನಿಗೆ. ಮಧ್ವೇಶರು ಹೆಂಡತಿಯ ಮುಖ ನೋಡಿದರು.

"ಹೋಗಿ ಬರ್ರಿ," ಎಂದಳು ಪ್ರಿಯಂವದಾ ಖಾಲಿ ತಟ್ಟೆ ಎತ್ತಿಕೊಳ್ಳುತ್ತ. "ಹೆಂಗೂ ಮನಿ ಬಿಟ್ಟಂಗಾತು, ಧೋತರನೂ ಕಾವೀದು ಉಟ್ಕೊಂಡು ಹೋಗ್ರಿ. ಬಿಳೀದು ನಾ ಒಳಗ ಇಟ್ಟೀನಿ."