ಹಳೆ ವರ್ಮ್ ತೆಗೆದು ಹೊಸ ವರ್ಮ್ ಹಾಕಿದ್ದು

ನನ್ನ ಕಸುಬಿನಲ್ಲಿ ಯಂತ್ರ ಕೈಕೊಡುವುದಕ್ಕಿಂತ ಮಾತು ಕೈಕೊಡುವುದೇ ಹೆಚ್ಚು. ದೊಡ್ಡ ನೀರಿನ ಪೈಪುಗಳ ವಾಲ್ವನ್ನು ಕರೆಂಟಿನಿಂದ ತೆರೆದು ಮುಚ್ಚುವ ಒಂದು ಮೋಟಾರು ಪೆಟ್ಟಿಗೆ ಇರುತ್ತದೆ, ಆಕ್ಚುಯೇಟರ್ ಅಂತ. ಅದರೊಳಗೆ ಸವೆದದ್ದನ್ನು ತೆಗೆದು ಹೊಸದು ಹಾಕುವುದು ನನ್ನ ಹೊಟ್ಟೆಪಾಡು. ಇದನ್ನು ಯಾರಿಗೂ ಬಿಡಿಸಿ ಹೇಳಲು ಹೋಗಬಾರದು. "ವಾಲ್ವ್ ರಿಪೇರಿ ಮಾಡ್ತೀನಿ" ಅಂದ ತಪ್ಪಿಗೆ ಒಮ್ಮೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರೊಬ್ಬರು ಎದೆ ಮುಟ್ಟಿಕೊಂಡು, "ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ, ಏನ್ಮಾಡ್ಲಿ?" ಅಂದರು. ಲಿಫ್ಟಲ್ಲಿ ಹೋಗಿ ಅಂದೆ.

ಆದರೆ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಒಂದೇ ದಿನ ಆದ ಅವಾಂತರದ ಮುಂದೆ ಇದೆಲ್ಲ ಏನೂ ಅಲ್ಲ.

೧. ಸೀಲು

ನಾನು ಸಾರಕ್ಕಿ ಸಿಗ್ನಲ್ ದಾಟುವಷ್ಟರಲ್ಲೇ ಅಲ್ಲಿನ ನಿವಾಸಿಗಳ ಸಂಘದ ಸೆಕ್ರೆಟರಿಯಿಂದ ಫೋನಿನ ಮೇಲೆ ಫೋನು. ಬ್ಯಾಂಕಿನಿಂದ ರಿಟೈರಾದವರು, ಶಿಸ್ತಿನ ಮನುಷ್ಯ. ಎಲ್ಲ ಬ್ಲಾಕಿಗೂ ನೀರು ಹೋಗುವ ಪೈಪಿನ ವಾಲ್ವ್ ಮುಚ್ಚಿಕೊಂಡು ಕೂತಿತ್ತು. ಒಂದು ನಲ್ಲಿಯಲ್ಲೂ ತೊಟ್ಟು ನೀರಿಲ್ಲ. ಮರುದಿನ ಬೆಳಿಗ್ಗೆ ಅವರ ಬಸುರಿ ಮಗಳಿಗೆ ಮನೆಯಲ್ಲೇ ಬಳೆ ಶಾಸ್ತ್ರ. ಬೀಗರ ಮನೆ ಅದೇ ಅಪಾರ್ಟ್‌ಮೆಂಟಿನ ಸಿ ಬ್ಲಾಕು.

"ನಮ್ಮ ಬೀಗಿತ್ತಿ ಬಾಯಿ ನಿಮಗೆ ಗೊತ್ತಿಲ್ಲ," ಅಂದರು. "ನೀರಿಲ್ಲ ಅಂದ್ರೆ ಸೊಸೇನ ಕರ್ಕೊಂಡು ಹೋಗಿ ವಿಲ್ಸನ್ ಗಾರ್ಡನ್ ತಂಗಿ ಮನೇಲಿ ಶಾಸ್ತ್ರ ಮಾಡಿಸಿಬಿಡ್ತಾರೆ. ಆಮೇಲೆ ನಾನು ನನ್ನ ಹೆಂಡ್ತಿಗೆ ಮುಖ ತೋರಿಸೋ ಹಾಗಿಲ್ಲ."

ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಮಳೆನೀರು ಇಳಿದಿತ್ತು. "ಸಾರ್, ಸೀಲ್ ಹೋಗಿದೆ," ಅಂದೆ.

ಅವರ ಮುಖ ಬಿಳಿಚಿಕೊಂಡಿತು. ಒಂದೇ ಓಟಕ್ಕೆ ಆಫೀಸಿಗೆ ಹೋಗಿ ಸಂಘದ ರಬ್ಬರ್ ಸ್ಟಾಂಪು, ಇಂಕ್ ಪ್ಯಾಡು ಹಿಡಿದು ಏದುಸಿರು ಬಿಡುತ್ತ ಬಂದರು. "ಇಲ್ಲೇ ಇದೆಯಲ್ರೀ! ಗಾಬರಿ ಮಾಡಿಬಿಟ್ರಿ." ಅನುಮಾನ ಬೇಡವೆಂದು ನನ್ನ ಸ್ಪೇರ್ಸ್ ಡಬ್ಬದ ಮೇಲೆ ಒಂದು ಒತ್ತಿಯೂ ತೋರಿಸಿದರು. ಅಕ್ಷರ ಮುದ್ದಾಗಿ ಮೂಡಿತ್ತು.

"ಆ ಸೀಲಲ್ಲ ಸಾರ್. ಒಳಗೆ ನೀರು ಹೋಗ್ದಿರೋ ಹಾಗೆ ಒಂದು ರಬ್ಬರ್ ಬಳೆ ಇರುತ್ತೆ. ಹೊಸದು ತೊಡಿಸ್ಬೇಕು."

"ಹಾಗಾದ್ರೆ ಇವತ್ತು ಇದಕ್ಕೆ ತೊಡಿಸಿ, ನಾಳೆ ಮಗಳಿಗೆ ತೊಡಿಸೋಣ," ಅಂದರು.

೨. ಒಂದು ಗೇಣು

ಇನ್ನೂ ಒಳಗೆ ಹೋದರೆ ನಿಜವಾದ ಕಾಯಿಲೆ ಸಿಕ್ಕಿತು. ಸ್ಕ್ರೂ ಥರ ಸುರುಳಿ ಇರುವ ಒಂದು ಸರಳು ಹಲ್ಲಿನ ಚಕ್ರವೊಂದನ್ನು ತಿರುಗಿಸಬೇಕು. ಎರಡೂ ಸವೆದು ನುಣ್ಣಗಾಗಿದ್ದವು. ಆ ಸರಳಿಗೆ ನಮ್ಮವರು ಇಟ್ಟಿರುವ ಹೆಸರು ವರ್ಮ್. ಇಂಗ್ಲಿಷಿನಲ್ಲಿ ಹುಳ ಅಂತ ಅರ್ಥ, ಆದರೆ ನಮಗೆ ಅದು ಮರೆತೇ ಹೋಗಿರುತ್ತದೆ. "ತೊಂದರೆಯೆಲ್ಲ ವರ್ಮ್‌ದು ಸಾರ್," ಅಂದೆ.

ಶಿಸ್ತಿನ ಮನುಷ್ಯ ಅಲ್ಲವೇ, ತಕ್ಷಣ ವಾಟ್ಸಾಪ್ ಗ್ರೂಪಿಗೆ ಹಾಕಿದರು: "ನೀರಿನ ತೊಂದರೆಗೆ ಕಾರಣ ವರ್ಮ್ ಎಂದು ಟೆಕ್ನಿಷಿಯನ್ ಪತ್ತೆ ಹಚ್ಚಿದ್ದಾರೆ."

ಸ್ವಲ್ಪ ಹೊತ್ತಿಗೆ ಮೇಲಿನ ಬಾಲ್ಕನಿಯಿಂದ ಒಬ್ಬ ಹೆಂಗಸು ಕೂಗಿ ಕೇಳಿದರು, "ರೀ, ಎಷ್ಟು ಉದ್ದ ಇದೆ ಅದು?"

ಇವರಿಗೆ ಯಂತ್ರದ ಮೇಲೆ ಎಷ್ಟು ಆಸಕ್ತಿ ಅಂತ ನನಗೆ ಖುಷಿಯಾಗಿಹೋಯಿತು. "ಒಂದು ಗೇಣು ಇದೆ ಮೇಡಂ! ಇನ್ನೊಂದು ತಂದಿದೀನಿ, ಅದನ್ನ ಬಿಡ್ತೀನಿ!"

ಬಾಲ್ಕನಿಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಆಮೇಲೆ ನೀರಿನ ಕ್ಯಾನು ಹೇರಿಕೊಂಡ ಆಟೋಗಳು ಸಾಲಾಗಿ ಗೇಟಿಗೆ ಬಂದವು. ಬೀಗಿತ್ತಿಯ ಮೆಸೇಜೂ ಬಂತು. ಸೆಕ್ರೆಟರಿ ಅದನ್ನು ಗಟ್ಟಿಯಾಗಿ ಓದಿದರು: "ಹುಳ ಬಿದ್ದ ನೀರಲ್ಲಿ ಶಾಸ್ತ್ರದ ಅಡುಗೆ ಬೇಡ. ಸೊಸೆಯನ್ನು ವಿಲ್ಸನ್ ಗಾರ್ಡನ್‌ಗೆ ಕರೆದುಕೊಂಡು ಹೋಗುತ್ತೇವೆ."

ನನಗೆ ಆಗ ಹೊಳೆಯಿತು. "ಅಯ್ಯೋ, ಅದು ಹುಳ ಅಲ್ಲ, ಪಾರ್ಟು ಅಂತ ಹಾಕಿ ಸಾರ್."

"ಈಗ ಏನು ಹಾಕಿದ್ರೂ ನಂಬಲ್ಲ ರೀ. ಮೊದ್ಲು ನೀರು ಬಿಡಿ."

ಆ ಮನುಷ್ಯನನ್ನು ನೋಡಿ ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಅಷ್ಟರಲ್ಲಿ ಡಿ ಬ್ಲಾಕಿನ ಡಾಕ್ಟರು ಗ್ರೂಪಿನಲ್ಲಿ ಹುಳದ ಮಾತ್ರೆಯ ಹೆಸರು ಹಾಕಿದ್ದರು.

೩. ಯಾವ ವೈರು?

ಹೊಸ ಸಾಮಾನು ಕೂರಿಸಿದ ಮೇಲೆ ನಮ್ಮಲ್ಲೊಂದು ಪದ್ಧತಿ ಇದೆ. ಮೊದಲು ಪೆಟ್ಟಿಗೆಯ ಹೊರಗಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ ವಾಲ್ವನ್ನು ಅರ್ಧ ತೆರೆದು ನಿಲ್ಲಿಸಬೇಕು, ಆಮೇಲೆ ಬಟನ್ ಒತ್ತಬೇಕು. ವೈರು ತಿರುಗಾಮುರುಗಾ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ಏನೂ ಮುರಿಯುವುದಿಲ್ಲ.

ಅರ್ಧ ತೆರೆದ ಕೂಡಲೇ ಪೈಪಿನಲ್ಲಿ ನೀರು ಭೋರೆಂದಿತು. ಸೆಕ್ರೆಟರಿಯ ಕಣ್ಣು ಅರಳಿತು. "ಶುಭಕಾರ್ಯದ ನೀರು, ನಾನೇ ಒತ್ತುತ್ತೀನಿ" ಎಂದು ಕೈಮುಗಿದು 'ಓಪನ್' ಒತ್ತಿದರು. ಪೆಟ್ಟಿಗೆಯ ಮೇಲಿನ ಮುಳ್ಳು ನಿಧಾನವಾಗಿ 'ಕ್ಲೋಸ್' ಕಡೆಗೆ ಹೊರಟಿತು. ಭೋರೆನ್ನುತ್ತಿದ್ದ ನೀರು ಗಪ್‌ಚಿಪ್.

"ತೆರಿ ಅಂದ್ರೆ ಮುಚ್ಕೊಳ್ತಿದೆಯಲ್ರೀ!"

"ಎರಡು ವೈರು ಅದಲು ಬದಲು ಮಾಡಿದ್ರೆ ಸರಿಹೋಗುತ್ತೆ ಸಾರ್."

ನಾನು ವೈರು ಬದಲಾಯಿಸುವುದನ್ನು ಅವರು ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ದನಿ ತಗ್ಗಿಸಿ ಕೇಳಿದರು, "ಮನೇಲಿ ನಾನು ಹೇಳಿದ್ದಕ್ಕೂ ಹೀಗೇ ಉಲ್ಟಾ ಆಗುತ್ತೆ. ಅದಕ್ಕೆ ಯಾವ ವೈರು?"

೪. ಸೆಕ್ರೆಟರಿಯ ಪ್ರಕಟಣೆ

ಈ ಸಲ 'ಓಪನ್' ಅಂದರೆ ಓಪನ್ ಆಯಿತು. ಎಲ್ಲ ಬ್ಲಾಕಿಗೂ ನೀರು ಹತ್ತಿತು. ನಾನು ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತಿದ್ದೆ. ಸೆಕ್ರೆಟರಿ ಸಂತೋಷ ತಡೆಯಲಾರದೆ ಗ್ರೂಪಿಗೆ ಪ್ರಕಟಣೆ ಹಾಕಿಯೇಬಿಟ್ಟಿದ್ದರು: "ಹಳೆಯ ವರ್ಮ್ ತೆಗೆದು ಹೊಸ ವರ್ಮ್ ಹಾಕಲಾಗಿದೆ. ಎಲ್ಲರೂ ನಿಶ್ಚಿಂತೆಯಿಂದ ನೀರು ಬಳಸಬಹುದು."

ಐದು ನಿಮಿಷಕ್ಕೆ ಬೀಗಿತ್ತಿ ಖುದ್ದಾಗಿ ಇಳಿದು ಬಂದರು. ಹಿಂದೆ ಸಿ ಬ್ಲಾಕಿನ ಅರ್ಧ ಜನ.

"ಎಲ್ಲಿ ಅದು? ತೋರಿಸ್ರೀ."

ಹಳೆಯ ಸರಳನ್ನು ಬಟ್ಟೆಯಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಇದೇನಾ ಹುಳ?"

"ಇದೇ ಅಮ್ಮ."

"ನೀರೊಳಗಿತ್ತಾ?"

"ಇಲ್ಲಮ್ಮ, ಇದು ನೀರು ಮುಟ್ಟೋದೇ ಇಲ್ಲ. ಪೈಪಿನ ಮೇಲೆ ಈ ಡಬ್ಬದೊಳಗೆ ಇರುತ್ತೆ."

"ಮತ್ತೆ ಸ್ಕ್ರೂ ಅಂತ ಅನ್ನೋದಕ್ಕೆ ನಿಮಗೇನಾಗಿತ್ತು?"

"ಹೆಸರು ಇಟ್ಟವನು ನಾನಲ್ಲಮ್ಮ," ಅಂದೆ.

"ಬೀಗ್ರೇ, ಹಾಗಾದ್ರೆ ನಾಳೆ..." ಅಂದರು ಸೆಕ್ರೆಟರಿ.

ಆಕೆ ಫೋನು ಬಾಯಿಯ ಹತ್ತಿರ ಹಿಡಿದು, ಇಡೀ ಗ್ರೂಪಿಗೆ ಕೇಳುವಂತೆ ವಾಯ್ಸ್ ಮೆಸೇಜ್ ಕಳಿಸಿದರು:

"ಎಲ್ಲರೂ ಕೇಳಿ. ನಾಳೆ ನಮ್ಮ ಸೊಸೆ ಬಳೆ ಶಾಸ್ತ್ರ ಬೀಗರ ಮನೇಲೇ, ತಪ್ಪದೆ ಬನ್ನಿ. ನೀರಿಗೇನೂ ಹೆದರಬೇಡಿ. ಹುಳಾನ ನಾನೇ ಕೈಯಲ್ಲಿ ಹಿಡ್ಕೊಂಡು ನೋಡಿದೀನಿ. ಅಪ್ಪಟ ಕಬ್ಬಿಣದ್ದು, ಕಚ್ಚಲ್ಲ."