ಮುಂಡರಗಿ ಬಸ್ಸಿನ ಟವೆಲ್ ಆಟ

ನಮ್ಮ ಕಡೆ ಬಸ್ಸಿನ ಸೀಟು ಮನುಷ್ಯನದಲ್ಲ, ಟವೆಲ್ಲಿನದು. ಮುಂಡರಗಿ ಬಸ್ಸು ಗದಗಿನ ನಿಲ್ದಾಣದೊಳಗೆ ಇನ್ನೂ ತಿರುಗುತ್ತಿರುವಾಗಲೇ ಜನ ಅದರ ಜೊತೆಗೆ ಓಡತೊಡಗುತ್ತಾರೆ. ಓಡುತ್ತಲೇ ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ಎಸೆಯುತ್ತಾರೆ. ಟವೆಲ್ ಇಲ್ಲದವರು ಕರ್ಚೀಫು, ಕರ್ಚೀಫು ಇಲ್ಲದವರು ಕೈಚೀಲ, ಕೈಚೀಲವೂ ಇಲ್ಲದವರು ಎಡಗಾಲಿನ ಚಪ್ಪಲಿ. ಒಬ್ಬಾತ ತನ್ನ ಕೂಸನ್ನೇ ಕಿಟಕಿಯಿಂದ ಒಳಗೆ ಇಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೂಸು ಅಳಲಿಲ್ಲ, ಕಾಲು ಚಾಚಿ ಇಬ್ಬರ ಜಾಗ ಹಿಡಿಯಿತು. ಆಮೇಲೆ ನೀವು ಬಾಗಿಲಿನಿಂದ ಎಷ್ಟೇ ಮೊದಲು ಹತ್ತಿರಿ, ಕೂರುವಂತಿಲ್ಲ. "ಟವೆಲ್ ಐತ್ರಿ" ಎಂದರೆ ಮುಗಿಯಿತು. ಕೋರ್ಟಿನ ತಡೆಯಾಜ್ಞೆಗೂ ಅಷ್ಟು ಮರ್ಯಾದೆಯಿಲ್ಲ.

ನಾನು ಟವೆಲ್ ಎಸೆಯುವವನಲ್ಲ. ಬೆಟಗೇರಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದವನು, ಜನರ ಬಾಯಲ್ಲಿ ಪಿ.ಟಿ. ಮಾಸ್ತರ. ಊರಿನ ಅರ್ಧ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದೇನೆ. ಅವರೇ ದೊಡ್ಡವರಾಗಿ ನನ್ನನ್ನು ತಳ್ಳಿಕೊಂಡು ಬಸ್ ಹತ್ತುತ್ತಾರೆ. ಹತ್ತಿದ ಮೇಲೆ ಕಿಟಕಿಯಿಂದ ಕತ್ತು ಹೊರಹಾಕಿ "ನಮಸ್ಕಾರ್ರಿ ಸರ" ಎನ್ನುತ್ತಾರೆ. ನಾನು ಸರದಿಯಲ್ಲಿ ನಿಲ್ಲುತ್ತೇನೆ. ಆ ಸರದಿಯಲ್ಲಿ ನನ್ನ ಮುಂದೆ ಯಾರೂ ಇರುವುದಿಲ್ಲ, ಹಿಂದೆಯೂ ಇರುವುದಿಲ್ಲ. ಅದು ಸರದಿಯ ತಪ್ಪಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ನನ್ನ ಸೊಸೆ ಸವಿತಾ ಈ ಟವೆಲ್ಲಿನ ಮೇಲೆ ಒಂದು ವಿಡಿಯೋ ಗೇಮ್ ಮಾಡಿದ್ದಾಳೆ. ಅವಳು ಹರ್ತಿಯ ಹುಡುಗಿ, ಕಂಪ್ಯೂಟರ್ ಓದಿದವಳು, ಟ್ಯೂಷನ್ ಕ್ಲಾಸೊಂದರಲ್ಲಿ ಕಲಿಸುತ್ತಿದ್ದಳು. ಒಂದು ದಿನ ರೊಟ್ಟಿ ಮುರಿಯುತ್ತ, ಕ್ಲಾಸು ಬಿಟ್ಟು ಗೇಮ್ ಮಾಡುತ್ತೇನೆ ಎಂದಳು. ನನ್ನ ಹೆಂಡತಿ ಗಿರಿಜವ್ವ ನನ್ನ ಕಡೆ ತಿರುಗಿ, "ಆಡಾಕ ಹತ್ತಿದ್ರ ಬ್ಯಾಡ ಅನಬಹುದು. ಮಾಡಾಕ ಹತ್ತಿದ್ರ ಏನ್ ಅನಬೇಕ್ರಿ?" ಎಂದಳು. ನಮ್ಮ ಸೇವಾ ನಿಯಮಗಳಲ್ಲಿ ಅದರ ಉಲ್ಲೇಖವಿಲ್ಲ.

ಆಟದ ಕಲ್ಪನೆ ನನ್ನ ಮಗ ಮಹಾಂತೇಶನಿಂದ ಬಂದದ್ದು. ಅವನು ದಿನಾ ಕೆಲಸಕ್ಕೆ ಮುಂಡರಗಿಗೆ ಹೋಗಿಬರುತ್ತಾನೆ, ದಿನಾ ಕುಳಿತೇ ಹೋಗುತ್ತಾನೆ. ನನ್ನ ಮಗ ಹೇಗೆ ಕುಳಿತು ಹೋಗುತ್ತಾನೆ ಎಂದು ನಾನು ಕೇಳುವುದಿಲ್ಲ. ಅವನ ಟವೆಲ್ಲುಗಳು ಬೇಗ ಯಾಕೆ ಹರಿಯುತ್ತವೆ ಎಂದೂ ಕೇಳುವುದಿಲ್ಲ. ಆಟ ಸರಳ. ಬಸ್ಸು ಬರುತ್ತದೆ, ನಾಯಕ ಓಡುತ್ತಾನೆ, ಗುರಿಯಿಟ್ಟು ಟವೆಲ್ ಎಸೆಯುತ್ತಾನೆ, ಸೀಟು ಹಿಡಿದು ಮುಂಡರಗಿ ಮುಟ್ಟುತ್ತಾನೆ. ಚಿತ್ರ ಬರೆಯಲು ಲಕ್ಷ್ಮೇಶ್ವರದ ಗೆಳತಿ ನಸ್ರೀನ್ ಸಿಕ್ಕಳು. ಅವಳು ಬರೆದ ಬಸ್ಸು ನೋಡಿದರೆ ಡೀಸೆಲ್ ವಾಸನೆ ಬರುತ್ತಿತ್ತು. ಹಿಂದಿನ ಗಾಜಿನ ಧೂಳಿನಲ್ಲಿ ಯಾರೋ ಬೆರಳಿನಿಂದ ಬಾಣ ಚುಚ್ಚಿದ ಹೃದಯ ಬರೆದದ್ದನ್ನೂ ಬಿಟ್ಟಿರಲಿಲ್ಲ.

ಸವಿತಾಳ ತಾಯಿಗೆ ಮಾತ್ರ ಇದು ಸರಿಬರಲಿಲ್ಲ. ಹರ್ತಿಯಿಂದ ಫೋನು ಮಾಡಿ, "ಸಾಕಿನ್ನ, ಮೊದ್ಲಿನ ಕೆಲಸಕ್ಕ ಹೋಗವಾ. ಮಂದಿ ಕೇಳಿದ್ರ ನಾ ಏನ್ ಹೇಳ್ಲಿ? ನಮ್ಮ ಮಗಳು ಟವೆಲ್ ಒಗ್ಯಾಕ ಹತ್ಯಾಳಂತ ಹೇಳ್ಲ್ಯಾ?" ಎನ್ನುತ್ತಿದ್ದರು. ಕೊನೆಗೊಮ್ಮೆ ಸವಿತಾ ಮಾತು ಕೊಟ್ಟಳು. ಹುಬ್ಬಳ್ಳಿಯಲ್ಲಿ ಹೊಸ ಗೇಮ್ ಮಾಡುವವರದೊಂದು ಪ್ರದರ್ಶನವಿತ್ತು. "ಅಲ್ಲಿ ನಮ್ಮವರಲ್ಲದವರು ಒಬ್ರರೆ ಕಡೀತನಕ ಆಡಬೇಕು. ಆಡಲಿಲ್ಲಂದ್ರ ಇದನ್ನ ಮುಚ್ಚಿಟ್ಟು ಟ್ಯೂಷನ್ನಿಗೆ ಹೊಳ್ಳಿ ಹೋಗ್ತೇನಿ, ಆತಿಲ್ಲೋ ಯವ್ವಾ?" ಫೋನಿಟ್ಟವಳು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಂದೇ ನಾನು ಈ ಗೇಮಿನ ಉಸ್ತುವಾರಿ ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ.

ಮೊದಲ ಕೆಲಸ ವೇಳಾಪಟ್ಟಿ. ಬೆಳಿಗ್ಗೆ ವಿಸಿಲ್, ಹತ್ತು ಬಸ್ಕಿ, ಆಮೇಲೆ ಕೋಡಿಂಗು. ದೋಷ ತಿದ್ದುವುದು ಊಟಕ್ಕೆ ಮುಂಚೆ, ಹೊಸದು ಯೋಚಿಸುವುದು ಊಟದ ನಂತರ. ಸವಿತಾ ಪಾಪ ಪಾಲಿಸಿದಳು, ದೋಷಗಳು ಪಾಲಿಸಲಿಲ್ಲ. ಒಂದು ದಿನ ಎಸೆದ ಟವೆಲ್ ಕೆಳಗೆ ಬೀಳದೆ ಆಕಾಶಕ್ಕೆ ಹೋಯಿತು. ಅದನ್ನು ಸರಿಮಾಡಿದರೆ ಕಂಡಕ್ಟರ್ ಬಸ್ಸಿನ ಗೋಡೆಯ ಮೂಲಕ ನಡೆದುಹೋಗಿ ಹೊರಗೆ ಗಾಳಿಯಲ್ಲಿ ನಿಂತು ಟಿಕೆಟ್ ಕೊಡತೊಡಗಿದ. ಅವನನ್ನು ಒಳಗೆ ತಂದರೆ ಡ್ರೈವರ್ ಕಾಣೆ. ಡ್ರೈವರ್ ಇಲ್ಲದೆಯೂ ಬಸ್ಸು ಮೊದಲಿಗಿಂತ ಚೆನ್ನಾಗಿ ಓಡುತ್ತಿತ್ತು ಎನ್ನುವುದು ಬೇರೆ ಮಾತು. "ಒಂದು ತಿದ್ದಿದ್ರ ಎರಡು ಹುಟ್ತಾವ್ರಿ ಮಾವಾರ" ಎಂದಳು ಸವಿತಾ. ಏಳನೆಯ ತರಗತಿಯ ತುಕಡಿಗೆ ಕವಾಯತು ಕಲಿಸಿದ ನನಗೆ ಇದು ಹೊಸದೇನಲ್ಲ. ಆದರೆ ಅಲ್ಲಿ ಕಿವಿ ಹಿಂಡಲು ಅವಕಾಶವಿತ್ತು.

ಎರಡನೆಯ ಕೆಲಸ ಪರೀಕ್ಷೆ. ಗೇಮ್ ಮಾಡಿದವರು ತಾವೇ ಆಡಿ ನೋಡಿದರೆ ತಪ್ಪು ಕಾಣುವುದಿಲ್ಲವಂತೆ, ಹೊಸಬರು ಆಡಬೇಕಂತೆ. ನನ್ನಷ್ಟು ಹೊಸಬ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬನಿಲ್ಲ. ಸವಿತಾ ನನ್ನ ಫೋನಿಗೆ ಆಟ ಹಾಕಿಕೊಟ್ಟಳು. ಬಸ್ಸು ಬಂತು. ನಾನು ನಾಯಕನನ್ನು ಬಾಗಿಲಿನ ಬಳಿ ಒಯ್ದು ನಿಲ್ಲಿಸಿದೆ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

"ಮಾವಾರ, ಟವೆಲ್ ಒಗೀರಿ!"

"ಯಾಕ ಒಗೀಬೇಕು? ಇವ ಮೊದ್ಲ ಬಂದಾನ. ಬಾಗಿಲದಾಗ ನಿಂತಾನ."

"ನಿಂತ್ರ ಆಟ ಎಲ್ಲಿ ಐತ್ರಿ?"

"ಶಿಸ್ತಿನಾಗ ಐತಿ."

ಸವಿತಾ ನಸ್ರೀನಳ ಮುಖ ನೋಡಿದಳು. ನಸ್ರೀನ್ ಗಂಭೀರವಾಗಿ, "ಸರ, ನೀವು ಆಡಿದ್ರ ಈ ಗೇಮ್ ಎಂದೂ ಮುಗಿಯೂದಿಲ್ಲ ನೋಡ್ರಿ. ಇದ ಒಂದು ದೋಷ ಸಿಕ್ಕಂಗಾತು" ಎಂದಳು. ನನ್ನ ಪರೀಕ್ಷೆಯಿಂದ ಉಪಯೋಗವಾಯಿತೆಂದು ನಾನು ಹಿಗ್ಗಿದೆ. ಅವಳು ದೋಷವೆಂದದ್ದು ಯಾವುದನ್ನು ಎಂದು ಆಮೇಲೆ ಹೊಳೆಯಿತು.

ಆದರೆ ಹೊಸದಾಗಿ ಗೇಮ್ ಮಾಡುವವರಿಗೆ ನಿಜವಾದ ಗಂಡಾಂತರ ಕಂಪ್ಯೂಟರಿನಿಂದ ಬರುವುದಿಲ್ಲ, ಮನೆಯವರಿಂದ ಬರುತ್ತದೆ. ಆಟ ಒಂದು ಹಂತಕ್ಕೆ ಬಂದಿತ್ತು. ಗಿರಿಜವ್ವ ಬಂದು ನೋಡಿ, "ರೊಟ್ಟಿ ಗಂಟು ಹೊತ್ತ ಮುದುಕಿ ಒಬ್ಬಾಕಿ ಇರಲೇಬೇಕು, ಆಕಿಗೆ ಸೀಟು ಸಿಗಲೇಬೇಕು" ಎಂದಳು. ಮುದುಕಿ ಬಂದಳು. ಮಹಾಂತೇಶ, ಮುಂಡರಗಿ ಒಂದೇ ಊರು ಸಾಲದು, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ಸುಗಳೂ ಬೇಕೆಂದ. ಬಸ್ಸುಗಳು ಬಂದವು. ಕುರ್ತಕೋಟಿಯ ನೆಂಟರು ಮನೆಗೆ ಬಂದಿದ್ದಾಗ, ನಮ್ಮೂರ ಬಸ್ಸು ಏನು ಪಾಪ ಮಾಡಿದೆ ಎಂದು ಚಹಾ ಬಟ್ಟಲು ಕೆಳಗಿಟ್ಟರು. ಆ ಬಸ್ಸೂ ಬಂತು. ನಸ್ರೀನಳಿಗೆ ಆಡಿನ ಮೇಲೆ ಪ್ರೀತಿ. ಒಂದು ಆಡು ಬಂದು ಎಸೆದ ಟವೆಲ್ಲುಗಳನ್ನು ತಿನ್ನತೊಡಗಿತು. ಸವಿತಾ ಯಾರಿಗೂ ಇಲ್ಲ ಎನ್ನಲಾರದೆ ಎಲ್ಲವನ್ನೂ ಸೇರಿಸುತ್ತ ಹೋದಳು. ಲ್ಯಾಪ್‌ಟಾಪು ಹಂಚಿನಷ್ಟು ಕಾದು, ಅದರ ಫ್ಯಾನಿನ ಸದ್ದಿಗೆ ಬೆಕ್ಕು ಮನೆ ಬಿಟ್ಟು ಹೋಯಿತು.

ಈ ಅವ್ಯವಸ್ಥೆಯನ್ನು ನಿಲ್ಲಿಸಬೇಕಾದವನು ನಾನು. ನಿಲ್ಲಿಸಲು ನಾನು ಮಾಡಿದ್ದು, ಇನ್ನೊಂದನ್ನು ಸೇರಿಸಿದ್ದು. ನಿಲ್ದಾಣದಲ್ಲಿ ಸರದಿಗಾಗಿ ಕಬ್ಬಿಣದ ಕಂಬಿಗಳನ್ನು ಹಾಕಿಸಿದೆ. "ಮಾವಾರ, ಪ್ರದರ್ಶನ ಹತ್ರ ಬಂತ್ರಿ" ಎಂದು ಸವಿತಾ ಮೆಲ್ಲಗೆ ಹೇಳಿದಳು. ಇದೊಂದೇ, ಆಮೇಲೆ ಏನೂ ಬೇಡ ಎಂದೆ. ಕಂಬಿ ಹಾಕಿ ಆಟ ಶುರುಮಾಡಿದರೆ ನಿಲ್ದಾಣದ ಅಷ್ಟೂ ಜನ ಕಂಬಿಯೊಳಗೆ ಹೋಗಿ ನಿಂತುಬಿಟ್ಟರು. ಮುದುಕಿ, ಆಡು, ಕಂಡಕ್ಟರ್, ಕೊನೆಗೆ ಡ್ರೈವರೂ. ಯಾರೂ ಅಲುಗಾಡಲಿಲ್ಲ. ಬಸ್ಸುಗಳು ಒಂದಾದ ಮೇಲೊಂದು ಬಂದು ಖಾಲಿ ಹೋದವು. ನೋಡಲು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಸವಿತಾಳ ಕಣ್ಣಲ್ಲೂ ಬಂದಿತ್ತು, ಕಾರಣ ಬೇರೆ.

"ಕಂಬಿ ತಗದ್ರೂ ಬಿಡವಲ್ರು" ಎಂದಳು. ಕಂಬಿ ಅಳಿಸಿದರೂ ಜನ ಹಾಗೇ ನಿಂತಿದ್ದರು. ಬದುಕಿಡೀ ನಾನು ಬಯಸಿದ್ದು ಅದನ್ನೇ. ಅದು ಕೈಗೂಡಿದ ದಿನ ಸೊಸೆಯ ಆಟ ಕೆಟ್ಟು ನಿಂತಿತ್ತು.

ಅವತ್ತು ಗಿರಿಜವ್ವ ನನ್ನ ವಿಸಿಲ್ ತೆಗೆದು ಹಿಟ್ಟಿನ ಡಬ್ಬಿಯಲ್ಲಿಟ್ಟಳು. ಸವಿತಾ, ನಸ್ರೀನ್ ಇಬ್ಬರೂ ಕುಳಿತು ಒಂದೊಂದಾಗಿ ಎಲ್ಲವನ್ನೂ ತೆಗೆದರು. ಕುರ್ತಕೋಟಿ ಬಸ್ಸು ಹೋಯಿತು, ಆಡು ಹೋಯಿತು, ಶಿರಹಟ್ಟಿ, ಲಕ್ಷ್ಮೇಶ್ವರ ಹೋದವು. ಮುದುಕಿಯನ್ನು ತೆಗೆಯುವಾಗ ಗಿರಿಜವ್ವ ತಾನೇ ಎದ್ದು ಹೊರಗೆ ಹೋದಳು. ಉಳಿದದ್ದು ಒಂದು ಬಸ್ಸು, ಒಂದು ಟವೆಲ್, ಒಂದು ಸೀಟು. ಆಟ ಓಡಿತು. ಆಗ ನಾನು ಗಮನಿಸಿದೆ: ನಿಲ್ದಾಣದ ಮೂಲೆಯಲ್ಲಿ ಬಿಳಿ ಕ್ಯಾನ್‌ವಾಸ್ ಬೂಟಿನ ಮುದುಕನೊಬ್ಬ ನೆಟ್ಟಗೆ ಒಬ್ಬನೇ ನಿಂತಿದ್ದಾನೆ. ಬಸ್ಸು ಬಂದರೂ ಅಲ್ಲೇ, ಹೋದರೂ ಅಲ್ಲೇ.

"ಇವ ಯಾರು? ಭಾಳ ಶಿಸ್ತಿನ ಮನಷ್ಯಾ ಕಾಣ್ತಾನ" ಎಂದೆ.

ಅಷ್ಟರಲ್ಲಿ ಒಳಗೆ ಬಂದಿದ್ದ ಗಿರಿಜವ್ವ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಬೂಟು ನೋಡಿದಳು.

ಹುಬ್ಬಳ್ಳಿಯ ಆ ಸಭಾಂಗಣದಲ್ಲಿ ಸಾಲು ಮೇಜುಗಳು, ಮೇಜಿಗೊಂದು ಲ್ಯಾಪ್‌ಟಾಪು. ನಮ್ಮ ಬಲಕ್ಕೆ ಖಡ್ಗದವರು, ಎಡಕ್ಕೆ ರಾಕ್ಷಸರು, ಎದುರಿಗೆ ಯಾವುದೋ ಗ್ರಹ ಸಿಡಿಯುತ್ತಿತ್ತು. ಜನ ಅಲ್ಲೇ ಮುಗಿಬೀಳುತ್ತಿದ್ದರು. ನಮ್ಮ ಮೇಜಿನ ಮುಂದೆ ಕುರ್ಚಿ ಖಾಲಿ. ಒಬ್ಬ ಬಂದು, "ಇದ್ರಾಗ ಹೊಡ್ಯಾಕ ಏನೈತ್ರಿ?" ಎಂದು ಕೇಳಿದ. "ಟವೆಲ್" ಎಂದಳು ನಸ್ರೀನ್. ಅವನು ಹೋದ. ಮಧ್ಯಾಹ್ನ ಹೊರಳಿತು. ಸವಿತಾ ಚಾರ್ಜರಿನ ವೈರು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು. ಹರ್ತಿಯಿಂದ ಬಂದ ಫೋನನ್ನು ಎತ್ತಲಿಲ್ಲ.

ನನಗೆ ಗೇಮ್ ತಿಳಿಯುವುದಿಲ್ಲ, ಆದರೆ ಜನರನ್ನು ನಿಲ್ಲಿಸುವುದು ತಿಳಿಯುತ್ತದೆ. ಚಹಾ ಹಿಡಿದು ಸುಮ್ಮನೆ ಅಡ್ಡಾಡುತ್ತಿದ್ದ ಇಬ್ಬರು ಹುಡುಗರನ್ನು ಕರೆದು, "ನೀವು ಇಲ್ಲೆ, ಒಬ್ಬರ ಹಿಂದ ಒಬ್ಬರು ನಿಂದರ್ರಿ" ಎಂದೆ. ದನಿಯಲ್ಲಿ ಹಳೆಯ ಬಿಗಿ ಉಳಿದಿದೆ, ವಿಸಿಲ್ ಬೇಕಾಗಲಿಲ್ಲ. ಅವರು ನಿಂತರು. ಅವರ ಹಿಂದೆ ನಾನು ನಿಂತೆ. ನನ್ನ ಹಿಂದೆ ಒಬ್ಬಾತ ಬಂದು, "ಇಲ್ಲಿ ಏನು ಕೊಡಾಕ ಹತ್ಯಾರ್ರಿ?" ಎಂದ. "ನಿಂದರು, ತಿಳೀತದ" ಎಂದೆ. ನಮ್ಮ ಜನಕ್ಕೆ ಸರದಿಯಲ್ಲಿ ನಿಲ್ಲಲು ಇಷ್ಟವಿಲ್ಲ, ಆದರೆ ಇನ್ನೊಬ್ಬರು ನಿಂತದ್ದನ್ನು ಕಂಡರೆ ತಡೆಯಲಾಗುವುದಿಲ್ಲ. ನೋಡನೋಡುತ್ತಿದ್ದಂತೆ ಸಾಲು ಖಡ್ಗದವರ ಮೇಜು ದಾಟಿತು.

ಮೊದಲನೆಯ ಹುಡುಗ ಆಡಿ, ಅರ್ಧಕ್ಕೆ ಎದ್ದ. ಎರಡನೆಯವನೂ ಎದ್ದ. ನಾನು ನನ್ನ ಸರದಿಯಂತೆ ಕೂರಬೇಕು, ಅಷ್ಟರಲ್ಲಿ ಹಿಂದಿನಿಂದ ಏನೋ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಬಂದು ಕುರ್ಚಿಯ ಮೇಲೆ ಬಿತ್ತು. ಕರ್ಚೀಫು. ತಿರುಗಿದರೆ ಸಾಲಿನ ತುದಿಯಿಂದ ಕಾಲೇಜು ಹುಡುಗಿಯೊಬ್ಬಳು ಎಲ್ಲರನ್ನೂ ಸರಿಸಿಕೊಂಡು ಬರುತ್ತಿದ್ದಳು. "ಕರ್ಚೀಫ್ ಹಾಕೇನ್ರಿ ಅಜ್ಜಾರ, ಅದು ನನ್ನ ಸೀಟು!"

ನಾನು ಬಾಯಿ ತೆರೆದೆ. ಸವಿತಾ ಮೇಜಿನ ಆಚೆಯಿಂದ ಕೈಮುಗಿದಳು. ಬಾಯಿ ಮುಚ್ಚಿದೆ. ನನ್ನ ಸೇವಾವಧಿಯಲ್ಲಿ ಇಂಥದು ನಡೆದಿದ್ದರೆ ಆ ಹುಡುಗಿ ಮೈದಾನಕ್ಕೆ ಸುತ್ತು ಹಾಕುತ್ತಿದ್ದಳು.

ಅವಳು ಕುಳಿತು ಆಡಿದಳು. ಮೊದಲ ಟವೆಲ್ ಗಾಲಿಯ ಕೆಳಗೆ ಹೋಯಿತು, ಎರಡನೆಯದು ಕಂಡಕ್ಟರನ ತಲೆಯ ಮೇಲೆ. "ಏ ಥೂ!" ಎಂದಳು, ನಕ್ಕಳು, ಮತ್ತೆ ಎಸೆದಳು. ಸುತ್ತಲಿನವರು "ಹಿಂದಿನ ಕಿಡಕಿ, ಹಿಂದಿನ ಕಿಡಕಿ!" ಎಂದು ಕೂಗತೊಡಗಿದರು. ಸಾಲು ಒಡೆದು ಗುಂಪಾಯಿತು. ಬಸ್ಸು ಮುಂಡರಗಿ ಮುಟ್ಟಿದಾಗ ಆ ಗದ್ದಲಕ್ಕೆ ರಾಕ್ಷಸರ ಮೇಜಿನವರೂ ಎದ್ದುಬಂದರು. ಹುಡುಗಿ ತೆರೆಯ ಮೂಲೆಗೆ ಬೆರಳು ತೋರಿಸಿ, "ಈ ಅಜ್ಜ ಯಾವಾಗ ಬಸ್ ಹತ್ತತಾನ್ರಿ?" ಎಂದು ಕೇಳಿದಳು.

"ಇನ್ನೂ ಹತ್ತಿಲ್ಲ" ಎಂದಳು ಸವಿತಾ. ಹೇಳಿ, ಆಚೆ ತಿರುಗಿ ಹರ್ತಿಗೆ ಫೋನು ಮಾಡಿದಳು. "ಯವ್ವಾ, ಮುಂಡರಗಿ ಮುಟ್ಟಿದ್ಲು" ಎಂದಷ್ಟೇ ಹೇಳಿದಳು. ಆ ಕಡೆಯಿಂದ, ಯಾರು, ಯಾಕೆ ಮುಂಡರಗಿಗೆ ಹೋದರು ಎಂದು ಅವಳ ತಾಯಿ ಗಾಬರಿಯಿಂದ ಕೇಳುತ್ತಿದ್ದರು.

ಸಂಜೆ ಹುಬ್ಬಳ್ಳಿಯ ಬಸ್ ನಿಲ್ದಾಣಕ್ಕೆ ಬಂದರೆ ಜನವೋ ಜನ. ಸವಿತಾ ಲ್ಯಾಪ್‌ಟಾಪಿನ ಚೀಲ ಎದೆಗವಚಿಕೊಂಡು ನಿಂತಲ್ಲೇ ತೂಕಡಿಸುತ್ತಿದ್ದಳು. ಬಸ್ಸೊಂದು ತಿರುಗಿತು, ಜನ ಓಡಿದರು. ನನಗೇನಾಯಿತೋ ತಿಳಿಯದು, ನಾನೂ ಓಡಿದೆ. ಓಡುತ್ತಲೇ ಹೆಗಲ ಟವೆಲ್ ಎಳೆದು ಎಸೆದೆ. ಮಾಜಿ ಗುಂಡು ಎಸೆತದ ತರಬೇತುದಾರ ನಾನು. ನೇರವಾಗಿ ಮೂರನೆಯ ಕಿಟಕಿಯಿಂದ ಒಳಗೆ ಬಿತ್ತು. "ಸವಿತಾ, ಸೀಟು ಹಿಡದೇನಿ, ಬಾ!" ಎಂದು ಕೂಗಿದೆ. ಅವಳು ಹಣೆ ಹಿಡಿದುಕೊಂಡು ಬಸ್ಸಿನ ಮುಂದಿನ ಫಲಕ ತೋರಿಸಿದಳು. ಅದು ಲಕ್ಷ್ಮೇಶ್ವರದ ಬಸ್ಸು.

ನಾವು ಗದಗಿಗೆ ನಿಂತು ಬಂದೆವು. ಹುಲಕೋಟಿ ಹತ್ತಿರ, ತನ್ನೂರಿನ ಆ ಬಸ್ಸು ಹತ್ತಿದ್ದ ನಸ್ರೀನಳ ಫೋನು ಬಂತು. "ಸರ, ನಿಮ್ಮ ಟವೆಲ್ ಸಿಕ್ತು ನೋಡ್ರಿ. ಮೂಲ್ಯಾಗ ಕೆಂಪು ದಾರದ ಹೆಸರು ನೋಡಿ ಗುರ್ತ ಹಿಡದೆ. ನಮ್ಮ ಸರ್ದು ಅಂತ ಹೇಳಿದ್ದಕ್ಕ ಎಲ್ಲಾರೂ ಎದ್ದು ಜಾಗ ಕೊಟ್ರು. ಆರಾಮ ಕುಂತೇನಿ."

ಈಗ ಆಟದಲ್ಲಿ ಮೂಲೆಯ ಅಜ್ಜನ ಕೈಗೂ ಒಂದು ಟವೆಲ್ ಬಂದಿದೆ. ಹೊಸದೇನೂ ಸೇರಿಸಬಾರದೆಂದು ನಾನು ವಿರೋಧಿಸಿದೆ, ಯಾರೂ ಕೇಳಲಿಲ್ಲ. ಬೇಕೆಂದವರು ಅವನಾಗಿ ಆಡಬಹುದು. ದಿನಾ ಬೆಳಿಗ್ಗೆ ವ್ಯಾಯಾಮ ಮುಗಿಸಿ ನಾನು ಅವನಾಗಿಯೇ ಆಡುತ್ತಿದ್ದೆ. ಸೀಟು ಮಾತ್ರ ಸಿಕ್ಕಿರಲಿಲ್ಲ. ಮೊನ್ನೆ ಗಿರಿಜವ್ವ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. "ಕೊಡ್ರಿಲ್ಲೆ" ಎಂದು ಫೋನು ಕಸಿದುಕೊಂಡು ಮೊದಲ ಎಸೆತಕ್ಕೇ ಸೀಟು ಹಿಡಿದಳು. "ಇನ್ನೊಂದ್ಸಲ" ಎಂದು ಒಲೆಯ ಮೇಲಿನ ಹಾಲನ್ನೂ ಮರೆತು ಕುಳಿತಳು. ಅಂದಿನಿಂದ ಫೋನು ಅವಳ ಕೈಯಲ್ಲೇ ಇದೆ. ನಾನು ಅವಳ ಹಿಂದೆ, ನೆಟ್ಟಗೆ, ನನ್ನ ಸರದಿಗೆ ಕಾಯುತ್ತ ನಿಂತಿದ್ದೇನೆ.